ಒಗೆಯುವ ಕಲ್ಲಿಗೆ ಈಜಿಪ್ಟಿನ ದೃಷ್ಟಾಂತ

ನಿವೃತ್ತರಾದ ಇತಿಹಾಸದ ಮೇಷ್ಟರಿಗೆ ಬರುವ ಕಾಯಿಲೆಗಳಲ್ಲಿ ಮಂಡಿನೋವು ಒಂದು, ವಸ್ತುಸಂಗ್ರಹಾಲಯ ಇನ್ನೊಂದು. ನನಗೆ ಎರಡೂ ಒಟ್ಟಿಗೇ ಬಂದವು. ಹನೂರಿನ ಗೊಬ್ಬರದಂಗಡಿಯ ಪಕ್ಕ ಒಂದು ಕೋಣೆ ಹಿಡಿದು, ಬೋರ್ಡು ಬರೆಸಿ, ಒಳಗೆ ಒಂದು ಹಿತ್ತಾಳೆ ಸೇರು, ಬಾಯಿ ಒಡೆದ ಒಂದು ಮಡಕೆ, ನಮ್ಮ ತಂದೆಯವರ ಕೊಡೆ, ಇಷ್ಟನ್ನು ಜೋಡಿಸಿದೆ. ಕೊಡೆ ನೋಡಲು ಯಾರೂ ಬರಲಿಲ್ಲ.

ಹೀಗಿರುವಾಗ ಅಜ್ಜೀಪುರದ ಹೆಂಗಸೊಬ್ಬರ ಹಿತ್ತಲಲ್ಲಿ ವೀರಗಲ್ಲು ಇದೆಯೆಂಬ ಸುದ್ದಿ ಬಂತು. ದನ ಬಿಡಿಸಲು ಹೋಗಿ ಸತ್ತ ಯಾವನೋ ಶೂರನ ಕಲ್ಲು. ಆಕೆಯ ಅತ್ತೆಯ ಅತ್ತೆ ಅದನ್ನು ಎರಡು ಗುಂಡುಕಲ್ಲುಗಳ ಮೇಲೆ ಬೋರಲಾಗಿ ಮಲಗಿಸಿ, ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದರಂತೆ. ನಾನು ನೆಲದ ಮೇಲೆ ಅಂಗಾತ ಮಲಗಿ, ಅದರಡಿಗೆ ತಲೆ ತೂರಿಸಿ ನೋಡಿದೆ. ವೀರ, ಕತ್ತಿ, ಮೂರು ಹಸು, ಎಲ್ಲರೂ ಕ್ಷೇಮ. ಸೋಪಿನ ನೀರು ಕಣ್ಣಿಗೆ ತೊಟ್ಟಿಕ್ಕಿತು. ಸಂಶೋಧನೆಯಲ್ಲಿ ಇಂಥ ತ್ಯಾಗಗಳು ಸಾಮಾನ್ಯ.

ಆ ಕಲ್ಲು ಸಿಗದಿದ್ದರೆ ನನ್ನ ಸಂಗ್ರಹಾಲಯ ಕೊಡೆಯಲ್ಲೇ ಮುಗಿಯುತ್ತಿತ್ತು. ಆಕೆಗೋ, ಯುಗಾದಿಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮಿಕ್ಕ ದಿನ ಪೆಟ್ಟು ತಿನ್ನುವ ಆ ಕಲ್ಲು ಮನೆಯ ಆಳುಗಳಲ್ಲೊಬ್ಬ. ಕೇಳಿದರೆ ಕೊಡುವವರಲ್ಲ. ಹಾಗಾಗಿ ಈಜಿಪ್ಟಿನ ರಾಷ್ಟ್ರೀಯ ಸಂಗ್ರಹಾಲಯದ ಚರಿತ್ರೆ ಹೇಳಿ ಮನಸ್ಸು ತಿರುಗಿಸೋಣವೆಂದು ಮಂಡಿನೋವು ಮರೆತು ಜಗಲಿಯ ಮೇಲೆ ಪದ್ಮಾಸನ ಹಾಕಿದೆ. ಆಕೆ ಅವರೆಕಾಯಿ ಸುಲಿಯುತ್ತಾ ಕೇಳಿದರು.

ಮೊದಲು ಒಂದು ತೋಟದಲ್ಲಿ ಪುಟ್ಟ ಮನೆಯಿತ್ತು, ಅಲ್ಲಿ ಕೂಡಿಸಿಟ್ಟದ್ದನ್ನೆಲ್ಲ ಅಲ್ಲಿನ ದೊರೆ ಒಬ್ಬ ಪರದೇಶದ ನೆಂಟನಿಗೆ ಕಾಣಿಕೆ ಕೊಟ್ಟುಬಿಟ್ಟ ಎಂದೆ. ಆಕೆಯ ಕೈ ನಿಂತಿತು. ಆಮೇಲೆ ನೈಲ್ ದಂಡೆಯ ಹಳೆಯ ಉಗ್ರಾಣದಲ್ಲಿ ಹೊಸದಾಗಿ ಶುರುಮಾಡಿದರು, ಪ್ರವಾಹ ಒಳಗೆ ನುಗ್ಗಿತು.

"ಒಳೆ ಮಗ್ಗುಲಲ್ಲಿ ಯಾವ ಬುದ್ಧಿವಂತ ಸಾಮಾನು ಮಡಗ್ತಾನೆ ಮೇಷ್ಟ್ರೇ?"

ನಾನು ಮುಂದುವರಿದೆ. ಅಲ್ಲಿಂದ ಅರಮನೆಗೆ, ಅರಮನೆಯಿಂದ ಪೇಟೆ ನಡುವಿನ ಕೆಂಪು ಕಟ್ಟಡಕ್ಕೆ. ಅಲ್ಲಿ ಗಲಾಟೆಯ ಕಾಲದಲ್ಲಿ ಕಳ್ಳರು ಹೊಕ್ಕರು. ಮೊನ್ನೆ ಮೊನ್ನೆ ಹಳೆಯ ರಾಜರ ಹೆಣಗಳನ್ನು ವಾಹನದಲ್ಲಿ ಕೂರಿಸಿ, ಮೆರವಣಿಗೆ ಮಾಡಿ ಇನ್ನೊಂದು ಕಡೆಗೆ ಸಾಗಿಸಿದರು. ಮಿಕ್ಕ ಸಾಮಾನಿನಲ್ಲಿ ಬಹಳಷ್ಟು ಪಿರಮಿಡ್ಡುಗಳ ಹತ್ತಿರದ ಭಾರಿ ಕಟ್ಟಡಕ್ಕೆ ಹೋಯಿತು. ನಾಗರಿಕತೆಯ ಈ ಮಹಾಯಾತ್ರೆಯನ್ನು ಜಗಲಿಯ ಮೇಲೆ ಬೆರಳಿನಿಂದ ನಕ್ಷೆ ಬರೆದೂ ತೋರಿಸಿದೆ.

"ಬಾಡ್ಗೆ ಮನೆಯೋರ ಪಾಡಾಯ್ತಲ್ಲ ಸಾ. ಸತ್ ಮೇಲೂ ಗಂಟುಮೂಟೆ ಕಟ್ಟೋದು ತಪ್ನಿಲ್ವಲ್ಲ," ಎಂದರು. ಸಿಪ್ಪೆ ಕೊಡವಿ ಕೇಳಿದರು: "ಅನೂರಲ್ಲಿ ನಿಮ್ ರೂಮು ಸ್ವಂತದ್ದಾ?"

ಹನ್ನೊಂದು ತಿಂಗಳ ಕರಾರು ಎಂದೆ. ಇತಿಹಾಸದ ಮೇಷ್ಟರು ಸುಳ್ಳು ಹೇಳಬಾರದು.

"ನಮ್ಮತ್ತೆಯ ಅತ್ತೆ ಕಾಲ್ದಿಂದ ಇದು ಒಂದ್ ಗೇಣೂ ಅಳ್ಳಾಡಿಲ್ಲ ಕಣ್ರಿ. ನೀರು ಬರ್ನಿಲ್ಲ, ಕಳ್ರೂ ಬರ್ನಿಲ್ಲ. ನೀವೊಬ್ರು ಬಂದ್ರಿ."

ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದಾಗ ಆಕೆಗೆ ಏನನ್ನಿಸಿತೋ, ನಿಮ್ಮ ಬೋರ್ಡನ್ನೇ ಇಲ್ಲಿಗೆ ತಂದು ಹಾಕಿ, ನೋಡುವವರು ಬಂದು ಮಲಗಿ ನೋಡಿಕೊಂಡು ಹೋಗಲಿ, ಹಾಸಿಕೊಳ್ಳಲು ಗೋಣಿಚೀಲ ಕೊಡುತ್ತೇನೆ ಎಂದರು. ಒಂದೇ ಷರತ್ತು: ಸೋಮವಾರ ಯಾರೂ ಬರಕೂಡದು, ಅಂದು ಇಡೀ ವಾರದ ಬಟ್ಟೆ.

ಬೋರ್ಡು ಈಗ ಅಜ್ಜೀಪುರದ ಆ ಹಿತ್ತಲಲ್ಲಿದೆ. ಕೆಳಗೆ 'ಸೋಮವಾರ ರಜೆ' ಎಂದು ಸೇರಿಸಿದ್ದೇನೆ. ದೊಡ್ಡ ದೊಡ್ಡ ಸಂಗ್ರಹಾಲಯಗಳೂ ಸೋಮವಾರವೇ ಏಕೆ ಬಾಗಿಲು ಹಾಕುತ್ತವೆಂದು ನಾನು ಮೊದಲು ಯೋಚಿಸಿಯೇ ಇರಲಿಲ್ಲ.