ಬೈಗುಳ ಕೇಳಿ ಟಿಕೆಟ್ ಕೊಡುವ ಜಬೀನ್

ದೇವನಹಳ್ಳಿ ಕೋಟೆಯ ಹತ್ತಿರ ಒಬ್ಬರು ಹಳೆಯ ಮಗ್ಗ, ನೇಗಿಲು, ಪಾತ್ರೆಪಗಡ ಎಲ್ಲ ಸೇರಿಸಿ ಮ್ಯೂಸಿಯಂ ಮಾಡಿದ್ದಾರೆ. ಅದರ ಬಾಗಿಲಲ್ಲಿ ಟಿಕೆಟ್ ಕೊಡುವವಳು ಜಬೀನ್. ನಮ್ಮೆಜಮಾನರು ತೀರಿಕೊಂಡ ಮೇಲೆ ನಾನು ಅಲ್ಲೇ ಪಕ್ಕದಲ್ಲಿ ಸೌತೆಕಾಯಿ ಮಾರುತ್ತೇನೆ. ಆರು ವರ್ಷದಿಂದ ಅವಳನ್ನು ನೋಡುತ್ತಿದ್ದೇನೆ.

ಅವಳು ಬೆಳೆದದ್ದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಒಂದು ಪಕ್ಕ ತೆಲುಗಿನವರು, ಇನ್ನೊಂದು ಪಕ್ಕ ತಮಿಳಿನವರು, ಎದುರಿಗೆ ಕನ್ನಡದವರು, ಮನೆಯೊಳಗೆ ಉರ್ದು. ನಾಲ್ಕೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೂ ಬುರ್ಖಾ ಕಂಡ ಕೂಡಲೇ ನಮ್ಮೂರಿನವರೇ ಹರುಕುಮುರುಕು ಹಿಂದಿ ಶುರು ಮಾಡುತ್ತಾರೆ.

"ಕನ್ನಡದಲ್ಲೇ ಹೇಳಿ ಸಾರ್, ನಿಮ್ಗೂ ಆರಾಮು, ನಂಗೂ ಆರಾಮು" ಎಂದು ನಗುತ್ತಾಳೆ.

ತಾನು ಮಾತ್ರ ಯಾರನ್ನೂ ಮುಖ, ಬಟ್ಟೆ ನೋಡಿ ಮಾತಾಡಿಸುವುದಿಲ್ಲ. ಬಂದವರು ತಮ್ಮತಮ್ಮಲ್ಲಿ ಯಾವ ಭಾಷೆಯಲ್ಲಿ ಬೈದಾಡುತ್ತಾರೋ ಕೇಳಿಸಿಕೊಂಡು, ಅದರಲ್ಲೇ ಮಾತು ತೆಗೆಯುತ್ತಾಳೆ. "ಸಿಟ್ಟು ಬಂದಾಗ ಮನೆ ಮಾತೇ ಬರೋದು ಕಣಕ್ಕ" ಎನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ರವಿಚಂದ್ರ ಎಂಬ ಹೊಸ ಮ್ಯಾನೇಜರ್ ಬಂದ. ಹೋಟೆಲಿನಲ್ಲಿ ದುಡಿದಿದ್ದವನು. ಜನ ಬಂದರೂ ಇವಳು ಸುಮ್ಮನಿರುವುದು ಅವನಿಗೆ ಸೊಕ್ಕಿನ ಹಾಗೆ ಕಂಡಿತು.

"ಬಂದೋರ್ನ ಬಾಯ್ತುಂಬ ಮಾತಾಡಿಸ್ಬೇಕಮ್ಮ. ಆಗಲ್ಲ ಅಂದ್ರೆ ಸೋಮವಾರದಿಂದ ಹಿಂದ್ಗಡೆ ಕಸ ಗುಡ್ಸೋಕೆ ಹೋಗಿ" ಎಂದ.

ಜಬೀನಳಿಗೆ ಮಂಡಿನೋವು. ದಿನವಿಡೀ ಗುಡಿಸಲಾರಳು. ಕೌಂಟರ್ ಹೋದರೆ ಕೆಲಸವೇ ಹೋದ ಹಾಗೆ.

ಭಾನುವಾರ ಗಡ್ಡ, ಟೋಪಿಯ ಮುದುಕರೊಬ್ಬರು ಹೆಂಡತಿಯೊಡನೆ ಬಂದರು. ರವಿಚಂದ್ರ ಓಡಿಬಂದು "ಆಯಿಯೇ ಚಾಚಾ!" ಎಂದು ಹಿಂದಿಯಲ್ಲಿ ಕರೆದ. ಅವರು ಪಿಳಿಪಿಳಿ ನೋಡಿದರು.

"ನಿಮ್ಮೋರು ಕಣ್ರೀ, ಉರ್ದುನಲ್ಲಿ ಮಾತಾಡಿ!" ಎಂದು ಅವನು ಜಬೀನಳಿಗೆ ಹೇಳಿದ. ಅವಳು ಬಾಯಿ ಬಿಡಲಿಲ್ಲ.

"ಲೇ, ಸಲಾಂ ಅಂತಾದ್ರೂ ಅನ್ನೇ!" ಎಂದು ನಾನೇ ಪಿಸುಗುಟ್ಟಿದೆ.

ಮುದುಕರು ವಾಪಸು ಹೊರಟೇಬಿಟ್ಟರು. ಹೆಂಡತಿ ಅವರ ತೋಳು ಹಿಡಿದೆಳೆದು, ಬಿಸಿಲಲ್ಲಿ ಸುಮ್ಮನೆ ನಡೆಸಿದ್ದಕ್ಕೆ ತಮಿಳಿನಲ್ಲಿ ಉಗಿಯತೊಡಗಿದರು. ಜಬೀನ್ ತನ್ನ ಕುರ್ಚಿ ಹೊರಗೆಳೆದು, "ಉಕ್ಕಾರುಂಗಮ್ಮಾ" ಎಂದಳು. ಆ ತಾಯಿ ಕುಳಿತು, ಗಂಡನ ಮೇಲಿನ ದೂರನ್ನೆಲ್ಲ ಇವಳಿಗೆ ಒಪ್ಪಿಸಿದರು. ಮುದುಕರು ನಕ್ಕು ಎರಡು ಟಿಕೆಟ್ ಕೇಳಿದರು.

ರವಿಚಂದ್ರ ತಲೆ ಕೆರೆದುಕೊಂಡ. "ಅವ್ರಿಗೆ ಉರ್ದು ಬರಲ್ವಾ?"

"ಬರುತ್ತೆ ಅಂತ ಟೋಪಿ ನೋಡಿ ನಾನೂ ಅಂದ್ಕೊಂಡ್ಬಿಟ್ಟಿದ್ದೆ ಸಾರ್. ಅದ್ಕೇ ಬಾಯ್ ಮುಚ್ಕೊಂಡಿದ್ದೆ."

ಅವನು ಕೌಂಟರಿನತ್ತ ಕೈ ತೋರಿಸಿದ. "ಸೋಮವಾರಾನೂ ಇಲ್ಲೇ ಕೂತ್ಕೊಳಿ" ಎಂದ.

ಕೂರುವುದೆಲ್ಲಿ? ಕುರ್ಚಿಯಲ್ಲಿ ಆ ತಾಯಿ ಇನ್ನೂ ಮಾತಾಡುತ್ತಲೇ ಇದ್ದರು. ರವಿಚಂದ್ರ ಒಳಗೆ ಹೋಗಿ ತನ್ನ ಕುರ್ಚಿಯನ್ನೇ ಎತ್ತಿಕೊಂಡು ಬಂದ.