ಮೂವತ್ತೊಂದನೇ ನಂಬರಿನ ಕೋಟು

ಅತ್ತೆಯನ್ನು ಮನೆಮಂದಿಯೆಲ್ಲ ಮೊಂಡತ್ತೆ ಎಂದೇ ಕರೆಯುತ್ತಿದ್ದರು. ಅವಳ ಬಲಗೈಯ ಕೊನೆಯ ಎರಡು ಬೆರಳು ಬುಡಕ್ಕೇ ಮೊಂಡಾಗಿದ್ದವು, ಅದೊಂದು ಕಾರಣ. ಇನ್ನೊಂದು, ಅವಳು ಒಮ್ಮೆ ಆಗಲ್ಲ ಅಂದಳೆಂದರೆ ಯಾರಪ್ಪ ಬಂದು ಹೇಳಿದರೂ ಆಗುತ್ತಿರಲಿಲ್ಲ. ಎಂಬತ್ತೆಂಟು ವರ್ಷವಾದರೂ ಆ ಮೂರು ಬೆರಳಿನಲ್ಲೇ ಕತ್ತರಿ ಹಿಡಿದು ತಮ್ಮನ ಮಗಳ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾದ ನೂಲು ಕತ್ತರಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ಯುದ್ಧದ ಕಾಲದಲ್ಲಿ ನರ್ಸಾಗಿದ್ದಳಂತೆ ಎಂಬುದು ಮನೆಯಲ್ಲಿ ಎಲ್ಲರೂ ಕೇಳಿದ್ದ ಮಾತು. ಬೆರಳು ಏನಾಯಿತು ಎಂದು ಕೇಳಿದರೆ ಮಾತ್ರ, "ಬಾಗಿಲಿಗೆ ಸಿಕ್ಕಿತು" ಎಂದು ಹೇಳಿ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ದೊಡ್ಡಾಸ್ಪತ್ರೆಯ ನರ್ಸುಗಳ ಸಂಘದವರು ಯುದ್ಧಕಾಲದ ನರ್ಸುಗಳ ಫೋಟೋಗಳನ್ನು ಸೇರಿಸಿ ಗೋಡೆಗೆ ಹಾಕುತ್ತೇವೆ ಎಂದು ಹೇಳಿಕಳಿಸಿದರು. ಆ ಆಸ್ಪತ್ರೆಗೆ ಇಪ್ಪತ್ತೆರಡು ವರ್ಷದಿಂದ ಸಮವಸ್ತ್ರ ಹೊಲಿದುಕೊಡುತ್ತಿದ್ದವಳು ಈ ತಮ್ಮನ ಮಗಳೇ. ಅವಳಿಗೆ ಹಿಗ್ಗು. ಸತ್ತುಹೋದ ಅಪ್ಪನ ಪೆಟ್ಟಿಗೆ ತೆಗೆದು, ತಳದಲ್ಲಿದ್ದ ಅಂಗೈಯಗಲದ ಫೋಟೋ ಹುಡುಕಿ ತಂದಳು.

ಅರ್ಧ ಕುಸಿದ ಮನೆಯ ಮುಂದೆ ಮೂವರಿರುವ ಚಿತ್ರ ಅದು. ನಡುವೆ ದರ್ಜಿಯ ಅಜ್ಜಿ, ಅಂದರೆ ಅತ್ತೆಯ ತಾಯಿ, ಅವಳ ಕಂಕುಳಲ್ಲಿ ಒಂದು ವರ್ಷದ ಕೂಸಾಗಿದ್ದ ಅಪ್ಪ. ಪಕ್ಕದಲ್ಲಿ ಇಪ್ಪತ್ತರ ಅತ್ತೆ, ಸಮವಸ್ತ್ರದಲ್ಲಿ. ಬಲಗೈ ಅಜ್ಜಿಯ ಬೆನ್ನ ಹಿಂದೆ. ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದ ಫೋಟೋ. ಆದರೆ ಹೊಲಿಗೆ ಕಲಿತ ಮೇಲೆ ನೋಡಿರಲಿಲ್ಲ.

ಭೂತಗನ್ನಡಿ ಇಟ್ಟು ನೋಡಿದವಳೇ, "ಇದೇನಿದು?" ಎಂದು ತನಗೆ ತಾನೇ ಹೇಳಿಕೊಂಡಳು.

ನರ್ಸುಗಳ ಬಟ್ಟೆ ತೆಳು ಹತ್ತಿಯದು, ಮಡಿಕೆ ಬೀಳುತ್ತದೆ. ಇದು ಕಂಬಳಿಯಂಥ ದಪ್ಪ ಉಣ್ಣೆ, ಮೊಣಕೈ ಹತ್ತಿರ ಮಡಚಲೂ ಒಲ್ಲೆ ಎನ್ನುತ್ತಿದೆ. ಎದೆಯ ಮೇಲೆ ಎರಡು ಸಾಲು ಗುಂಡಿ. ಹೆಂಗಸರ ಅಂಗಿಯಲ್ಲಿ ಬಲಮಗ್ಗುಲು ಮೇಲೆ ಬರುತ್ತದೆ, ಇಲ್ಲಿ ಎಡಮಗ್ಗುಲು ಮೇಲಿದೆ. ಫೋಟೋ ತಿರುವುಮುರುವಾಗಿ ಅಚ್ಚಾಗಿರಬಹುದೇ? ಇಲ್ಲ, ಕಾಲರಿನ ಮೇಲಿನ ಲೋಹದ ಅಂಕಿ ನೆಟ್ಟಗೆ ಮೂವತ್ತೊಂದು ಎಂದು ಓದಿಸಿಕೊಳ್ಳುತ್ತಿದೆ. ಭುಜದ ಹೊಲಿಗೆ ಭುಜ ದಾಟಿ ನಾಲ್ಕು ಬೆರಳು ಕೆಳಗಿಳಿದಿದೆ. ಅಂದರೆ ಇದು ಬೇರೆ ಯಾರದೋ ಮೈ ಅಳತೆಗೆ ಹೊಲಿದ ಗಂಡಸಿನ ಕೋಟು. ಎಡ ಪಕ್ಕೆಯ ಮೇಲೆ ಒಂದು ತೂತು, ಅದರ ಸುತ್ತ ಕಪ್ಪು ಕಲೆ. ಕತ್ತರಿ ಆಡಿದ ಜಾಗ ಬೇರೆ, ಹರಿದ ಜಾಗ ಬೇರೆ. ಅದನ್ನು ದರ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಳೆಗಳು ಒಳಗೆ ಮುದುಡಿದ್ದವು. ಹೊರಗಿನಿಂದ ಏನೋ ನುಗ್ಗಿತ್ತು. ನುಗ್ಗಿದಾಗ ಕೋಟಿನೊಳಗೆ ಅತ್ತೆ ಇದ್ದಿದ್ದರೆ ಈ ಫೋಟೋಗೆ ನಿಲ್ಲಲು ಅವಳು ಬದುಕಿರುತ್ತಿರಲಿಲ್ಲ.

ಸೊಂಟದ ಪಟ್ಟಿಯಲ್ಲಿ ಕೊಡಲಿ ಸಿಕ್ಕಿಸುವ ಅಗಲವಾದ ಚರ್ಮದ ಕುಣಿಕೆಯೂ ಕಂಡಿತು. ಕೊಡಲಿ ಸಿಕ್ಕಿಸಿಕೊಳ್ಳುವವರು ಊರಲ್ಲಿ ಇನ್ಯಾರು? ಅತ್ತೆಗೆ ಏನೂ ಹೇಳದೆ ಫೋಟೋ ಚೀಲಕ್ಕೆ ಹಾಕಿಕೊಂಡು ಅಗ್ನಿಶಾಮಕ ಠಾಣೆಗೆ ಹೋದಳು.

ಠಾಣೆಯ ಪಡಸಾಲೆಯಲ್ಲಿ ಹಳೆಯ ಸಿಬ್ಬಂದಿಯ ಚಿತ್ರವೊಂದು ನೇತಾಡುತ್ತಿತ್ತು. ಅದೇ ಎರಡು ಸಾಲು ಗುಂಡಿ, ಅದೇ ಕಾಲರು. ಠಾಣಾಧಿಕಾರಿ ಒಳ್ಳೆಯ ಮನುಷ್ಯ. ಫೋಟೋ ನೋಡಿ, ಅತ್ತೆಯ ವಿಷಯ ಕೇಳಿ, ಬೀರುವಿನಿಂದ ಯುದ್ಧಕಾಲದ ದಿನಚರಿ ಪುಸ್ತಕ ತೆಗೆದು ಬೆರಳಾಡಿಸಿದ.

"ಮೂವತ್ತೊಂದು... ನೀರಿನ ಲಾರಿ ಚಾಲಕ. ಬಾಂಬ್ ಬಿದ್ದ ದಿನ ಹನ್ನೊಂದೂ ಹತ್ತಕ್ಕೆ ಠಾಣೆ ಮೆಟ್ಟಿಲ ಮೇಲೆ ತೀರ್ಕೊಂಡ ಅಂತಿದೆ." ಅವನು ಇನ್ನೂ ಕೆಳಗೆ ಓದಿದ. ದನಿ ತಗ್ಗಿತು. "ಆಮೇಲೆ ಆ ಲಾರೀನ ಬೆಂಕಿ ಬಿದ್ದ ನೂಲಿನ ಗಿರಣಿಗೆ ಓಡಿಸಿದವರು ಯಾರು ಅಂತ ಗೊತ್ತಾಗ್ಲೇ ಇಲ್ಲವಂತೆ. ಹಿಂದೆ ನೇತಾಡ್ಕೊಂಡು ಹೋದ ಮೂವರಲ್ಲಿ ಇಬ್ಬರು ಗೋಡೆ ಕೆಳಗೆ ಸತ್ರು. ಮೂರನೆಯವನು ನನಗೇನೂ ಗೊತ್ತಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾನೆ. ಆ ಚಾಲಕನ್ನ ಜನ ತಿಂಗಳುಗಟ್ಟಲೆ ಹುಡುಕಿದ್ರಂತೆ ಅಮ್ಮಾ. ಸಿಕ್ಕಿದ್ರೆ ಸಿಗಿದುಹಾಕೋಕೆ."

"ಯಾಕೆ? ಬೆಂಕಿ ಆರಿಸೋಕೆ ತಾನೇ ಹೋಗಿದ್ದು?"

ಅವನು ಪುಸ್ತಕ ಮುಚ್ಚಿದ. "ನಿಮ್ಮತ್ತೇನೇ ಕೇಳಿ."

ಅವಳು ಅಂಗಡಿಗೆ ಮರಳಿ ಕದ ಹಾಕಿ, ಫೋಟೋವನ್ನು ಅತ್ತೆಯ ಮಡಿಲಲ್ಲಿಟ್ಟಳು. "ಅತ್ತೆ, ಇದು ನರ್ಸ್ ಬಟ್ಟೆ ಅಲ್ಲ. ಮೂವತ್ತೊಂದನೇ ನಂಬರಿನ ಚಾಲಕನ ಕೋಟು. ಲಾರಿ ಓಡಿಸಿದ್ದು ನೀನಾ?"

ಅತ್ತೆ ಕತ್ತರಿ ಕೆಳಗಿಟ್ಟಳು. ಈ ಸಲ ಎದ್ದು ಹೋಗಲಿಲ್ಲ.

"ನಿಮ್ಮಪ್ಪಂಗೂ ಹೇಳಿರಲಿಲ್ಲ ಕಣೇ ಪುಟ್ಟಿ," ಎಂದಳು. ನಲವತ್ತಾರರ ದರ್ಜಿ ಅವಳಿಗೆ ಇನ್ನೂ ಪುಟ್ಟಿಯೇ. "ನಾನು ಆ ಠಾಣೇಲಿ ಫೋನು ತಗೊಳೋ ಕೆಲಸಕ್ಕಿದ್ದೆ."

ಚಾಲಕ ಐವತ್ತು ದಾಟಿದವನು, ನಾಲ್ಕು ಮಕ್ಕಳ ತಂದೆ, ಬಾಯಿ ಬಿಟ್ಟರೆ ಬೈಗುಳ. ಮಂಡಿನೋವಿತ್ತು. ಲಾರಿ ತೊಳೆಯಲು ಅಂಗಳದಲ್ಲಿ ಹಿಂದೆ ಮುಂದೆ ಸರಿಸುವುದಕ್ಕೆ ಒಂದು ಜನ ಬೇಕೆಂದು ಈ ಹುಡುಗಿಗೆ ಓಡಿಸಲು ಕಲಿಸಿದ್ದ. "ನೀನು ಗೇರು ಹಾಕೋದು ಕೇಳಿದ್ರೆ ನನ್ನ ಹಲ್ಲೇ ಉದುರ್ತದೆ ಮಾರಾಯ್ತಿ" ಎಂದು ರೇಗುತ್ತಿದ್ದನಂತೆ.

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ವಿಮಾನಗಳು ಬಂದವು. ಮೊದಲ ಬಾಂಬ್ ಠಾಣೆಯ ಎದುರಿಗೇ ಬಿತ್ತು. ಮೆಟ್ಟಿಲಿಳಿಯುತ್ತಿದ್ದ ಚಾಲಕನ ಪಕ್ಕೆಗೆ ಅಂಗೈಯಗಲದ ಕಬ್ಬಿಣದ ಚೂರು ಹೊಕ್ಕಿತು. ಅವನು ಕೂತ, ಪಕ್ಕೆ ಹಿಡಿದುಕೊಂಡ, ಬೈಯುತ್ತ ಬೈಯುತ್ತಲೇ ಸುಮ್ಮನಾದ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ನೂಲಿನ ಗಿರಣಿಗೆ ಬೆಂಕಿ ಬಿದ್ದಿದೆ, ಕಬ್ಬಿಣದ ಗೇಟಿಗೆ ಬೀಗ ಹಾಕಿದ್ದಾರೆ, ಇನ್ನೂರು ಹೆಂಗಸರು ಒಳಗಿದ್ದಾರೆ. ಮಾತಾಡುತ್ತಿದ್ದವಳೂ ಒಳಗೇ ಇದ್ದಳು. ಅವಳ ಕೂಗು ತುಂಡಾಯಿತು.

"ಲಾರಿ ಹಿಂದೆ ಮೂರು ಜನ ಹತ್ತಿ ನಿಂತಿದ್ರು. ಯಾರಾದ್ರೂ ಓಡಿಸ್ರೋ ಅಂತ ಕಿರುಚ್ತಿದ್ರು. ನನ್ನ ಮೈಮೇಲಿದ್ದದ್ದು ತೆಳು ಬಟ್ಟೆ, ಒಂದು ಕಿಡಿ ಸಾಕಿತ್ತು. ಸತ್ತ ಚಾಲಕನ ಮೈಯಿಂದ ಕೋಟು ಕಿತ್ಕೊಂಡೆ. ಬಿಸಿ ಇತ್ತು. ಒದ್ದೆ ಇತ್ತು. ತಲೆಗೆ ಶಿರಸ್ತ್ರಾಣ ಹಾಕ್ಕೊಂಡು ಹತ್ತಿದೆ."

ಸೇತುವೆಯ ದಾರಿ ಕುಸಿದಿತ್ತು. ಉಳಿದದ್ದು ಜವಳಿ ಅಂಗಡಿಗಳ ಓಣಿ. ಲಾರಿ ಹೋದರೆ ಎರಡೂ ಕಡೆ ಒಂದೊಂದು ಗೇಣು ಜಾಗ ಉಳಿಯುವಂಥದ್ದು. ಅಲ್ಲಿಗೂ ಬಾಂಬ್ ಬಿದ್ದಿತ್ತು. ಕೈ ಒಂದು ಕಡೆ, ಮೈ ಒಂದು ಕಡೆ. ಬಟ್ಟೆಯ ಸುರುಳಿಗಳು ಉರುಳಿ ಬಿಚ್ಚಿಕೊಂಡು ರಕ್ತ ಹೀರುತ್ತಿದ್ದವು. ಸತ್ತವರು ಇದ್ದರು. ಸಾಯದವರೂ ಇದ್ದರು.

"ಇಳಿದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸಬೇಕಿತ್ತು," ಎಂದಳು ಅತ್ತೆ. "ಸರಿಸ್ತಾ ಕೂತ್ರೆ ಅರ್ಧ ಗಂಟೆ. ಗಿರಣಿ ಹೊಗೆ ಓಣಿವರೆಗೂ ಬಂದಿತ್ತು. ನಾನು ಹಾರ್ನ್ ಒತ್ತಿ ಹಿಡಿದೆ. ಎದ್ದೇಳೋಕೆ ಆದವರು ತೆವಳಿದ್ರು."

"ಆಗದವರು?"

"ಚಕ್ರ ಏರಿ ಇಳಿಯೋದು ಸ್ಟೀರಿಂಗಲ್ಲಿ ಗೊತ್ತಾಗತ್ತೆ ಪುಟ್ಟಿ. ಕಲ್ಲು ಯಾವುದು, ಮನುಷ್ಯ ಯಾವುದು, ಗೊತ್ತಾಗತ್ತೆ. ಒಬ್ಬಳು ಕೈ ಎತ್ತಿದ್ಲು. ಹಳದಿ ಬಟ್ಟೆ ಹಾಕಿದ್ಲು. ನಾನು ನಿಲ್ಲಿಸಲಿಲ್ಲ."

ಅತ್ತೆಯ ದನಿಯಲ್ಲಿ ಅಳುವಿರಲಿಲ್ಲ. ಯಾರೋ ಕೇಳಿದ ದಾರಿಯನ್ನು ತಿರುವು ತಪ್ಪದಂತೆ ಹೇಳುವವಳ ಹಾಗಿದ್ದಳು.

ಲಾರಿಯ ಮೂತಿಯಿಂದಲೇ ಗೇಟಿಗೆ ಗುದ್ದಿದಳು. ಮೂರನೇ ಏಟಿಗೆ ಗೇಟು ಬಿತ್ತು. ಬೀಗದ ಹಿಂದೆ ಒತ್ತೊತ್ತಾಗಿ ನಿಂತಿದ್ದ ಮೊದಲ ಸಾಲಿನವರಲ್ಲಿ ಕೆಲವರು ಅದರಡಿಯೇ ಸಿಕ್ಕಿದರು. ಉಳಿದವರು ತುಳಿದುಕೊಂಡು ಹೊರಗೆ ಬಂದರು, ಕೂದಲು ಉರಿಯುತ್ತಿದ್ದವರು, ಕುರುಡಾದವರು. ಕೊಳವೆ ಬಿಚ್ಚಿ ನೀರು ಹಾಯಿಸಿದ ಇಬ್ಬರ ಮೇಲೆ ಗೋಡೆ ಕುಸಿಯಿತು. ಜೀವಂತ ಹೊರಬಂದವರು ಅರವತ್ತನಾಲ್ಕು ಜನ. ಮಾಡು ಬೀಳುವವರೆಗೂ ಒಳಗಿನ ಕೂಗು ನಿಂತಿರಲಿಲ್ಲವಂತೆ.

ಮತ್ತೆ ನೀರು ತುಂಬಿಕೊಳ್ಳಲು ಹಿಂದಿರುಗುವಾಗ ಓಣಿಯ ಬಾಯಲ್ಲಿ ಜನ ಕಾದಿದ್ದರು. ಕಲ್ಲು ತೂರಿ ಗಾಜು ಒಡೆದರು. ಕೊಲೆಗಾರ ನನ್ನ ಮಗನೇ ಎಂದು ಕಾಲು ಹಿಡಿದು ಹೊರಗೆಳೆದರು. ಅವಳು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದಳು. ಯಾರೋ ಬಾಗಿಲನ್ನು ಆ ಕೈಯ ಮೇಲೆ ಬಡಿದರು. ಬಿಡಲಿಲ್ಲ ಎಂದು ಇನ್ನೊಮ್ಮೆ ಬಡಿದರು. ನೆಲಕ್ಕೆ ಬಿದ್ದವಳ ಬೆನ್ನಿಗೆ, ಹೊಟ್ಟೆಗೆ ಒದ್ದರು. ಅಷ್ಟರಲ್ಲಿ ವಿಮಾನದ ಸದ್ದು ಮತ್ತೆ ಕೇಳಿತು. ಜನ ಕಾಲಿಗೆ ಬುದ್ಧಿ ಹೇಳಿದರು. ಶಿರಸ್ತ್ರಾಣ ಕಳಚದೇ ಉಳಿದದ್ದಕ್ಕೆ ಒಳಗಿರುವುದು ಹೆಂಗಸು ಎಂದು ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಹೇಗೋ ಮನೆ ಸೇರಿದಳು. ಪಕ್ಕದ ಮನೆಯ ಸ್ಟುಡಿಯೋದವನು ಕುಸಿದ ಮನೆಗಳ ಚಿತ್ರ ತೆಗೆಯುತ್ತಿದ್ದ. ಇವರನ್ನೂ ನಿಲ್ಲಿಸಿ ತೆಗೆದ. ಊದಿದ ಕೈ ತೋಳಿನಿಂದ ಹೊರಬರದೆ ಕೋಟು ಇನ್ನೂ ಮೈಮೇಲೇ ಇತ್ತು. ಆಮೇಲೆ ಅಮ್ಮ ಕೋಟಿನ ತೋಳು ಕತ್ತರಿಸಿ ಕೈ ಬಿಡಿಸಿ, ಅದನ್ನು ಒಲೆಗೆ ಹಾಕಿದಳು. ಮಾರನೇ ದಿನ ಚಾಲಕನನ್ನು ಹುಡುಕಿಕೊಂಡು ದೊಣ್ಣೆ ಹಿಡಿದ ಗಂಡಸರು ಬಂದಾಗ, "ನನ್ನ ಮಗಳು ನರ್ಸು. ಇನ್ನೂರು ಹೆಣ ಹೊತ್ತು ಮಲಗಿದ್ದಾಳೆ, ಸದ್ದು ಮಾಡಬೇಡಿ" ಎಂದು ಗದರಿ ಕಳಿಸಿದಳು.

"ಅಮ್ಮ ಹೇಳಿದ ಆ ಸುಳ್ಳೇ ನನ್ನ ಬದುಕಾಯ್ತು," ಎಂದಳು ಅತ್ತೆ. "ನರ್ಸುಗಳ ಗೋಡೆಗೆ ನನ್ನ ಫೋಟೋ ಬೇಡ. ಆ ಠಾಣೆಗೆ ಕರ್ಕೊಂಡು ಹೋಗು."

"ಈಗ ಯಾಕತ್ತೆ? ಮುಗಿದು ಹೋದ ಕಥೆ."

"ನನಗೆ ಮುಗಿದಿಲ್ಲ. ಆಟೋ ಕರೀತೀಯೋ, ನಡೆದೇ ಹೋಗ್ಲೋ?"

ಠಾಣಾಧಿಕಾರಿ ಕೇಳಿದವನೇ ಎದ್ದು ನಿಂತುಬಿಟ್ಟ. "ಅಜ್ಜಿ, ಅರವತ್ತನಾಲ್ಕು ಜೀವ ಉಳಿಸಿದ್ದೀರಿ! ಇವತ್ತೇ ಬರೀತೀನಿ."

"ಓಣಿಯದ್ದೂ ಬರಿ."

"ಅದು... ಯುದ್ಧ ಅಲ್ವಾ ಅಜ್ಜಿ? ಬಿಡಿ ಅದನ್ನ."

"ಬರಿಯಪ್ಪ. ಮೂವರು ಅಂತ ನನಗೆ ಖಚಿತ. ಮಿಕ್ಕವರು ಎಷ್ಟು ಜನ ಅಂತ ಗೊತ್ತಿಲ್ಲ, ಹಾಗೇ ಬರಿ. ಗೇಟಿನಡಿ ಸಿಕ್ಕವರನ್ನೂ ಸೇರಿಸು."

ಅವನು ಪೆನ್ನು ಹಿಡಿದು ದರ್ಜಿಯ ಮುಖ ನೋಡಿದ. ಅತ್ತೆ ಮೇಜಿಗೆ ಮೂರು ಬೆರಳೂರಿ ನಿಂತೇ ಇದ್ದಳು. ಅವನು ಬರೆದ. ಅವಳು ಓದಿಸಿ ಕೇಳಿ, ಸಹಿ ಹಾಕಿದಳು.

ಊರಿನ ಪತ್ರಿಕೆಯಲ್ಲಿ ಅದು ಒಂದಂಗುಲದ ಸುದ್ದಿಯಾಗಿ ಬಂತು. ಗಿರಣಿಯಿಂದ ಬದುಕಿ ಬಂದವರ ಮಕ್ಕಳು ನಾಲ್ಕೈದು ಜನ ಬಂದು ಕಾಲು ಮುಟ್ಟಿ ಹೋದರು. ಅತ್ತೆ ಅವರೊಂದಿಗೆ ಹೆಚ್ಚು ಮಾತಾಡಲಿಲ್ಲ.

ಹತ್ತನೆಯ ದಿನ, ನಡುಮಧ್ಯಾಹ್ನ, ಕೋಲೂರಿಕೊಂಡು ಒಬ್ಬ ಮುದುಕ ಅಂಗಡಿಯ ಮೆಟ್ಟಿಲು ಹತ್ತಿದ.

"ಲಾರಿ ಓಡಿಸಿದ್ದು ಯಾರು?"

"ನಾನು," ಎಂದಳು ಅತ್ತೆ.

"ನಮ್ಮಕ್ಕ ಆ ಓಣೀಲಿ ಹೋದ್ಲು. ಹಳದಿ ಬಟ್ಟೆ ಹಾಕಿದ್ಲು. ಬಾಂಬಿಗೆ ಸತ್ಲು ಅಂದ್ಕೊಂಡಿದ್ವಿ." ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಆಗ ಜೀವಂತ ಇದ್ಲಾ?"

ಇಲ್ಲ ಎನ್ನು ಅತ್ತೆ, ಇಲ್ಲ ಎಂದುಬಿಡು ಎಂದು ದರ್ಜಿ ಮನಸ್ಸಿನಲ್ಲೇ ಅಂಗಲಾಚಿದಳು.

"ಇದ್ಲು," ಎಂದಳು ಅತ್ತೆ. "ಕೈ ಎತ್ತಿದ್ಲು."

ಮುದುಕ ಬಾರಿಸಿದ. ಮುದಿಗೈಯಲ್ಲಿ ಅಷ್ಟು ಬಲವಿದ್ದೀತೆಂದು ಯಾರೂ ಎಣಿಸುವಂತಿರಲಿಲ್ಲ. ಅತ್ತೆ ಕುರ್ಚಿ ಸಮೇತ ಬಟ್ಟೆಯ ರಾಶಿಯ ಮೇಲೆ ಉರುಳಿದಳು. ತುಟಿ ಸೀಳಿ ರಕ್ತ ಗಲ್ಲಕ್ಕಿಳಿಯಿತು. ದರ್ಜಿಯ ಕೈಗೆ ದೊಡ್ಡ ಕತ್ತರಿ ಹೇಗೆ ಬಂತೋ, ಅವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಒತ್ತಿಬಿಟ್ಟಿದ್ದಳು. ಇನ್ನೊಂದಂಗುಲ ಒತ್ತಿದ್ದರೆ ಕತ್ತರಿ ಅವನ ಗಂಟಲಿಗೆ ಚುಚ್ಚಿಯೇ ಬಿಡುತ್ತಿತ್ತು. ಒತ್ತಬೇಕೆಂದೇ ಅವಳಿಗೆ ಅನಿಸಿತ್ತು.

"ಬಿಡೇ ಅವರನ್ನ," ಎಂದಳು ನೆಲದಿಂದ ಅತ್ತೆ. "ಬಿಡು ಅಂದ್ನಲ್ಲ!"

ದರ್ಜಿ ಬಿಟ್ಟಳು. ಮುದುಕ ಜಾರಿ ನೆಲದ ಮೇಲೆ ಕೂತ, ಅತ್ತೆಯ ಎದುರಿಗೇ, ತೂತು ಬಿದ್ದ ಚೀಲದ ಹಾಗೆ. ಕೋಲು ಎಲ್ಲೋ ಉರುಳಿತ್ತು. ಅತ್ತೆ ಬರಿಗೈಯಲ್ಲೇ ಬಾಯೊರೆಸಿಕೊಂಡಳು.

"ಅವಳಿಗೆ ಎಷ್ಟು ವಯಸ್ಸಾಗಿತ್ತು?" ಎಂದು ಕೇಳಿದಳು.

"ಹತ್ತೊಂಬತ್ತು."

"ಏನು ಮಾಡ್ತಿದ್ಲು?"

ಅವನು ಹೇಳತೊಡಗಿದ. ಅಕ್ಕ ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಸಿಡುಕಿ, ಹಾಡಿದರೆ ಬೀದಿ ನಾಯಿಗಳೆಲ್ಲ ಓಡುತ್ತಿದ್ದವು. ಹೇಳುತ್ತ ಹೇಳುತ್ತ ಅವನು ಒಂದು ಗಂಟೆ ಅಲ್ಲೇ ಕೂತ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ಅವನು ಎದ್ದು ಹೋಗುವಾಗ ದರ್ಜಿ ಕೋಲನ್ನು ಹೆಕ್ಕಿ ಕೊಟ್ಟಳು.