ಪಾರ್ಕಿಂಗ್ ಲಾಟಿನ ನಾಯಕರು
ಅಮೆರಿಕದ ಮನ್ರೋ ಪಟ್ಟಣದ ನಾಗರಿಕ ಹಕ್ಕುಗಳ ನಾಯಕ ಪುಟ್ಟಸ್ವಾಮಿಯವರು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೂ ಸಮಾನತೆಯ ಭಾಷಣ ನಿಲ್ಲಿಸುವವರಲ್ಲ. ಅಲ್ಲಿನ ಗುರುಗಳೊಬ್ಬರ ಭಕ್ತಮಂಡಳಿಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಸೇವೆ ಮಾಡಿದ ಮೇಲೆ, ತಮ್ಮ ಜಾತಿಯವರಿಗೆ ತರಕಾರಿ ಹೆಚ್ಚುವ ಮೇಜಿನ ಬಳಿಯೇ ಹೊರತು ಒಲೆಯ ಬಳಿ ಜಾಗವಿಲ್ಲವೆಂದು ತಿಳಿದ ದಿನ, ಕೊರಳ ಮಾಲೆಯನ್ನು ಗುರುಗಳೆದುರೇ ಕಿತ್ತಿಟ್ಟು ಹೊರಬಂದರು. "ಇನ್ನು ಆ ಹೊಸ್ತಿಲು ತುಳಿದರೆ ಕೇಳಿ!" ಎಂದು ಸಿಕ್ಕಸಿಕ್ಕವರ ಮುಂದೆ ಗುಡುಗುತ್ತಾರೆ. ಆದರೂ ಪ್ರತಿ ಭಾನುವಾರ, ಡ್ರೈವಿಂಗ್ ಬಾರದ ಪತ್ನಿ ಕೆಂಪಮ್ಮನನ್ನು ತಾವೇ ಅಲ್ಲಿಗೆ ಕರೆದೊಯ್ದು, ಪಾರ್ಕಿಂಗ್ ಲಾಟಿನಲ್ಲೇ ಕಾಯುತ್ತಾರೆ. "ಮತ್ತೆ ಆ ಮೇಜಿಗೇ ಹೋಗ್ತೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಸಿಡುಕಿದರೆ, ಆಕೆ ಇಳಿಯುತ್ತಲೇ ಹೇಳುತ್ತಾಳೆ: "ಬೇಡ ಅಂದೋಳನ್ನ ಕೈ ಹಿಡಿದು ಗುರುಗಳ ಕಾಲಿಗೆ ಬೀಳ್ಸಿದ್ದು ನೀವು. ಏಳು ಅಂದ ತಕ್ಷಣ ಏಳಕ್ಕಾಗಲ್ಲ ಕಣ್ರೀ." ಸಾವಿರ ಜನರನ್ನು ಎಬ್ಬಿಸುವ ನಾಯಕರು ಕಾರಿನ ಸೀಟಿನಲ್ಲೇ ಕೂರುತ್ತಾರೆ, ಗುರುಗಳಿಗೆ ಬೀಳಬೇಕಾದ ಗುದ್ದು ಸ್ಟೀರಿಂಗಿಗೆ ಬೀಳುತ್ತದೆ.